ಪಕ್ಕದ ಬೆಂಚಿನವರು ನೋಡುತ್ತಿದ್ದಾರೆ

(ಶಿಕ್ಷಕರು ಮತ್ತು ಪೋಷಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವಳು. ಇವತ್ತಿನ ಮಾತನ್ನು ಒಂದು ಉತ್ತರ ಪತ್ರಿಕೆಯಿಂದ ಶುರು ಮಾಡುತ್ತೇನೆ.

ಒಂಬತ್ತನೇ ತರಗತಿಯ ಒಬ್ಬ ಹುಡುಗ. ಕೊನೇ ಬೆಂಚು. ಜೊತೆಗೆ ನಾಲ್ಕು ಜನ ಗೆಳೆಯರು. ಐವರಲ್ಲಿ ಒಬ್ಬರ ಮನೆಯಲ್ಲೂ ಅವರಿಗಿಂತ ಮೊದಲು ಹೈಸ್ಕೂಲ್ ಮೆಟ್ಟಿಲು ಹತ್ತಿದವರಿಲ್ಲ. ಒಂದು ಕಿರುಪರೀಕ್ಷೆಯಲ್ಲಿ ಈ ಹುಡುಗನಿಗೆ ಇಡೀ ತರಗತಿಗೇ ಜಾಸ್ತಿ ಅಂಕ ಬಂತು. ನನಗೆ ಖುಷಿ ತಡೆಯಲಿಲ್ಲ. ಅವನನ್ನು ಎದ್ದು ನಿಲ್ಲಿಸಿದೆ, ಎಲ್ಲರ ಕೈಯಲ್ಲೂ ಚಪ್ಪಾಳೆ ಹೊಡೆಸಿದೆ. "ನೋಡಿ, ಕೊನೇ ಬೆಂಚಿನಲ್ಲಿ ಕೂತೂ ಹೀಗೆ ಓದಬಹುದು" ಅಂದೆ. ಪಕ್ಕದಲ್ಲೇ ಕೂತಿದ್ದ ಆ ನಾಲ್ಕು ಜನಕ್ಕೆ ನನ್ನ ಮಾತು ಹೇಗೆ ಕೇಳಿಸಿತು ಅಂತ ಆಗ ನನಗೆ ಹೊಳೆಯಲೇ ಇಲ್ಲ.

ಮುಂದಿನ ಪರೀಕ್ಷೆಯಲ್ಲಿ ಅವನಿಗೆ ಅರ್ಧಕ್ಕಿಂತ ಕಮ್ಮಿ ಅಂಕ. ಕೊನೆಯ ಮೂರು ಲೆಕ್ಕದ ಜಾಗ ಖಾಲಿ. ಪತ್ರಿಕೆ ತಿರುಗಿಸಿ ನೋಡಿದರೆ, ಹಿಂದಿನ ಪುಟದಲ್ಲಿ ರಫ್ ವರ್ಕ್ ಇತ್ತು. ಮೂರೂ ಲೆಕ್ಕ ಅಲ್ಲಿದ್ದವು. ಮೂರೂ ಸರಿ ಇದ್ದವು. ಅವುಗಳ ಮೇಲೆ ಒಂದು ಅಡ್ಡ ಗೀಟು ಎಳೆದಿದ್ದ. ಸ್ಟಾಫ್ ರೂಮಿಗೆ ಕರೆದು ಯಾಕೆ ಅಂತ ಕೇಳಿದೆ. ತುಂಬ ಹೊತ್ತು ನೆಲ ನೋಡುತ್ತಾ ನಿಂತಿದ್ದ. ಆಮೇಲೆ ಮೆಲ್ಲಗೆ, "ಮೇಡಂ, ಇನ್ನೊಂದ್ಸಲ ನನ್ನ ಎಲ್ಲರ ಮುಂದೆ ನಿಲ್ಲಿಸ್ಬೇಡಿ" ಅಂದ.

ಅವನಿಗೆ ಲೆಕ್ಕ ಬರುತ್ತಿತ್ತು. ಬರುತ್ತದೆ ಅಂತ ತೋರಿಸಿಕೊಂಡರೆ ಕಳೆದುಕೊಳ್ಳುವುದು ಏನು ಅನ್ನುವುದೂ ಅವನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಅವತ್ತಿನಿಂದ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಅದರಲ್ಲಿ ಕೆಲವನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

"ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ" ಅನ್ನುವ ಗಾದೆ ನಮಗೆಲ್ಲ ಬಾಯಿಪಾಠ. ಮಗ ಓದಲಿಲ್ಲ ಅಂದರೆ ಗೆಳೆಯರ ಮೇಲೆ ಗೂಬೆ ಕೂರಿಸುತ್ತೇವೆ. ಅವರ ಮನೆಯವರು ನಮ್ಮ ಮಗನ ಮೇಲೆ ಕೂರಿಸುತ್ತಿರುತ್ತಾರೆ. ಗೆಳೆಯರು ಒಬ್ಬರ ಥರ ಒಬ್ಬರು ಇರುತ್ತಾರೆ ಅನ್ನುವುದು ನಿಜವೇ. ಆದರೆ ಯಾಕೆ? ಡೆನಿಸ್ ಕ್ಯಾಂಡೆಲ್ ಎಂಬ ಸಮಾಜಶಾಸ್ತ್ರಜ್ಞೆ ಹರೆಯದ ಗೆಳೆಯರ ಜೋಡಿಗಳನ್ನು ಒಂದು ಶಾಲಾ ವರ್ಷದ ಉದ್ದಕ್ಕೂ ಗಮನಿಸಿ 1978ರಲ್ಲಿ ಬರೆದರು. ತಮ್ಮಂಥವರನ್ನೇ ಹುಡುಕಿ ಗೆಳೆತನ ಮಾಡಿಕೊಳ್ಳುವುದು ಒಂದು ಕಾರಣ. ಗೆಳೆತನ ಆದಮೇಲೆ ಒಬ್ಬರನ್ನು ನೋಡಿ ಒಬ್ಬರು ಬದಲಾಗುವುದು ಇನ್ನೊಂದು. ಎರಡೂ ಹೆಚ್ಚುಕಡಿಮೆ ಸಮಸಮ ಅಂತ ಅವರಿಗೆ ಕಂಡಿತು. ನಮ್ಮ ಗಾದೆ ಎರಡನೆಯದನ್ನು ಮಾತ್ರ ಹೇಳುತ್ತದೆ. ಆ ಮಗು ಇವರನ್ನೇ ಯಾಕೆ ಆರಿಸಿಕೊಂಡಿತು, ಬೇರೆಯವರ ಜೊತೆ ಕೂರಲು ಅದಕ್ಕೆ ಜಾಗ ಇತ್ತಾ ಅಂತ ಗಾದೆ ಕೇಳುವುದಿಲ್ಲ.

ಹರೆಯದ ಮಕ್ಕಳಿಗೆ ಗೆಳೆಯರು ನೋಡುತ್ತಿದ್ದಾರೆ ಅನ್ನುವುದೇ ಒಂದು ದೊಡ್ಡ ಸಂಗತಿ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು 306 ಜನರ ಕೈಯಲ್ಲಿ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿದರು. ಹಳದಿ ದೀಪ ಬಿದ್ದಮೇಲೂ ಎಷ್ಟು ದೂರ ಓಡಿಸುತ್ತಾರೆ ಅಂತ ನೋಡುವುದು ಆಟದ ಹುರುಳು. ಹರೆಯದವರು ಒಬ್ಬರೇ ಆಡಿದಾಗ ತೆಗೆದುಕೊಂಡ ಅಪಾಯಕ್ಕಿಂತ ಜೊತೆಗಾರರು ಇದ್ದಾಗ ತೆಗೆದುಕೊಂಡದ್ದು ತುಂಬ ಜಾಸ್ತಿ. 24 ವರ್ಷ ತುಂಬಿದವರಲ್ಲಿ ಆ ವ್ಯತ್ಯಾಸ ಇಲ್ಲವೆನ್ನುವಷ್ಟು ಕಮ್ಮಿ. ಹರೆಯದಲ್ಲಿ ಮನಸ್ಸಿನ ಕಿವಿ ಗೆಳೆಯರ ಕಡೆಗೇ ಇರುತ್ತದೆ. ಇದನ್ನು ಮಗುವಿನ ತಪ್ಪು ಅನ್ನಬೇಕಾಗಿಲ್ಲ.

ಇನ್ನು ಅಂಚಿನ ಮಕ್ಕಳ ಮಾತು. ಬಡತನ, ಜಾತಿ, ಬಣ್ಣ, ಮನೆಮಾತು, ವಲಸೆ, ಅಂಗವೈಕಲ್ಯ ಹೀಗೆ ಯಾವುದೋ ಒಂದು ಕಾರಣಕ್ಕೆ ಶಾಲೆಯಲ್ಲಿ "ಇದು ನಮ್ಮದಲ್ಲವೇನೋ" ಅನಿಸುವ ಮಕ್ಕಳು. ಇವರಿಗೆ ಗೆಳೆಯರ ತೂಕ ಇನ್ನೂ ಜಾಸ್ತಿ. ಅಮೆರಿಕದಲ್ಲಿ 1966ರಲ್ಲಿ ಜೇಮ್ಸ್ ಕೋಲ್ಮನ್ ನೇತೃತ್ವದಲ್ಲಿ ಸುಮಾರು 6 ಲಕ್ಷ ಮಕ್ಕಳನ್ನು, 4 ಸಾವಿರ ಶಾಲೆಗಳನ್ನು ಒಳಗೊಂಡ ಒಂದು ವರದಿ ಬಂತು. ಕಟ್ಟಡ, ಪ್ರಯೋಗಾಲಯ, ಗ್ರಂಥಾಲಯ ಇವೇ ದೊಡ್ಡ ವ್ಯತ್ಯಾಸ ಮಾಡುತ್ತವೆ ಅಂತ ಎಲ್ಲರೂ ಅಂದುಕೊಂಡಿದ್ದರು. ಮನೆಯ ಹಿನ್ನೆಲೆಯೇ ಎಲ್ಲಕ್ಕಿಂತ ದೊಡ್ಡದು ಅಂತ ತಿಳಿಯಿತು. ಅದಾದಮೇಲೆ, ಜೊತೆಗೆ ಓದುವ ಮಕ್ಕಳು ಯಾರು ಅನ್ನುವುದು ಕಟ್ಟಡಕ್ಕಿಂತ, ಸಲಕರಣೆಗಿಂತ ಮುಖ್ಯವಾಗಿತ್ತು. ಶಾಲೆಯ ಮತ್ತು ಸಹಪಾಠಿಗಳ ಈ ಪ್ರಭಾವ ಕಪ್ಪು ಜನರಂಥ ಅಲ್ಪಸಂಖ್ಯಾತ ಸಮುದಾಯಗಳ ಮಕ್ಕಳ ಮೇಲೆ ಇನ್ನೂ ಜಾಸ್ತಿ ಇತ್ತು.

ಯಾಕೆ ಅಂತ ಊಹಿಸುವುದು ಕಷ್ಟವಲ್ಲ. ಮನೆಯಲ್ಲಿ ಓದಿದವರಿದ್ದರೆ, ಶಾಲೆಯಲ್ಲಿ ಒಬ್ಬ ಗೆಳೆಯ ಮುನಿಸಿಕೊಂಡರೂ ಮಗುವಿಗೆ ಬೇರೆ ಆಸರೆ ಇರುತ್ತದೆ. ಅಕ್ಕ ಲೆಕ್ಕ ಹೇಳಿಕೊಡುತ್ತಾಳೆ, ಅಪ್ಪ ಫಾರ್ಮ್ ತುಂಬಿಸುತ್ತಾರೆ. ಆ ನಾಲ್ಕು ಜನ ಗೆಳೆಯರನ್ನು ಬಿಟ್ಟರೆ ನನ್ನ ವಿದ್ಯಾರ್ಥಿಗೆ ಆ ಶಾಲೆಯಲ್ಲಿ ಯಾರಿದ್ದರು? ಊಟಕ್ಕೆ ಜೊತೆ ಕೂರುವವರು ಅವರು. ಯಾರಾದರೂ ಅಣಕಿಸಿದರೆ ಅಡ್ಡ ಬರುವವರು ಅವರು. ಅವರನ್ನು ಕಳೆದುಕೊಂಡು ಪಡೆಯುವ ಅಂಕದ ಬೆಲೆ ಎಷ್ಟು ಅಂತ ಅವನು ಲೆಕ್ಕ ಹಾಕಿದ್ದ. ಹದಿನಾಲ್ಕರ ಹುಡುಗ ಹಾಕಿದ ಆ ಲೆಕ್ಕವನ್ನು ದಡ್ಡತನ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಇದನ್ನೇ ಪ್ರಯೋಗ ಮಾಡಿ ನೋಡಿದವರಿದ್ದಾರೆ. ಲಿಯೊನಾರ್ಡೊ ಬರ್ಸ್‌ಟಿನ್ ಮತ್ತು ರಾಬರ್ಟ್ ಜೆನ್ಸನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು. ಇವರ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಲಾಸ್ ಏಂಜಲೀಸಿನ ಬಡ ಬಡಾವಣೆಗಳ ಹೈಸ್ಕೂಲುಗಳಲ್ಲಿ ಹನ್ನೊಂದನೇ ತರಗತಿಯ ಮಕ್ಕಳಿಗೆ ಒಂದು ಫಾರ್ಮ್ ಕೊಟ್ಟರು. ಕಾಲೇಜು ಪ್ರವೇಶ ಪರೀಕ್ಷೆಗೆ ಉಚಿತ ತರಬೇತಿ ಇದೆ, ಬೇಕಾದರೆ ಹೆಸರು ಬರೆಸಿ ಅಂತ. ಫಾರ್ಮಿನಲ್ಲಿ ಎರಡು ಬಗೆ. ಒಂದರಲ್ಲಿ, ನಿಮ್ಮ ತೀರ್ಮಾನ ಯಾರಿಗೂ ತಿಳಿಯುವುದಿಲ್ಲ, ಈ ಕೋಣೆಯ ಮಿಕ್ಕ ವಿದ್ಯಾರ್ಥಿಗಳಿಗೂ ಅಂತ ಇತ್ತು. ಇನ್ನೊಂದರಲ್ಲಿ, ಈ ಕೋಣೆಯ ಮಿಕ್ಕ ವಿದ್ಯಾರ್ಥಿಗಳನ್ನು ಬಿಟ್ಟು ಬೇರೆ ಯಾರಿಗೂ ತಿಳಿಯುವುದಿಲ್ಲ ಅಂತ. ವ್ಯತ್ಯಾಸ ಇಷ್ಟೇ, ಮೂಲ ಇಂಗ್ಲಿಷಿನಲ್ಲಿ ಒಂದು ಪದದ್ದು. ಸಾಮಾನ್ಯ ತರಗತಿಗಳಲ್ಲಿ, ಸಹಪಾಠಿಗಳಿಗೆ ತಿಳಿಯುತ್ತದೆ ಅಂದ ಕೂಡಲೇ ಹೆಸರು ಬರೆಸುವವರ ಪ್ರಮಾಣ ಶೇಕಡಾ 11 ಅಂಶ, ಅಂದರೆ ನೂರು ಮಕ್ಕಳಿಗೆ 11 ಜನರಷ್ಟು, ಇಳಿಯಿತು. ದುಡ್ಡು ಕೊಡಬೇಕಾಗಿಲ್ಲ, ಕಷ್ಟ ಇಲ್ಲ, ಲಾಭ ಇದೆ. ಆದರೂ ಬೇಡ.

ಇದರಲ್ಲಿ ನನ್ನನ್ನು ಬಹಳ ಕಾಡಿದ ಭಾಗ ಬೇರೆ. ಕೆಲವು ಮಕ್ಕಳು ಒಂದೆರಡು ವಿಷಯಗಳಿಗೆ ಮುಂದುವರಿದ ತರಗತಿಗೆ, ಅಂದರೆ ಚೆನ್ನಾಗಿ ಓದುವವರಿಗೆಂದೇ ಇರುವ ತರಗತಿಗೆ, ಹೋಗುತ್ತಿದ್ದರು, ಮಿಕ್ಕದ್ದಕ್ಕೆ ಸಾಮಾನ್ಯ ತರಗತಿಯಲ್ಲಿ ಕೂರುತ್ತಿದ್ದರು. ಒಂದೇ ಥರದ ಮಕ್ಕಳು. ಫಾರ್ಮ್ ಕೈಗೆ ಬಂದಾಗ ಸಾಮಾನ್ಯ ತರಗತಿಯಲ್ಲಿ ಕೂತಿದ್ದವರಲ್ಲಿ, ಗೆಳೆಯರಿಗೆ ತಿಳಿಯುತ್ತದೆ ಅಂದಾಗ ಹೆಸರು ಬರೆಸುವುದು ಶೇಕಡಾ 25 ಅಂಶ ಕಮ್ಮಿಯಾಯಿತು. ಮುಂದುವರಿದ ತರಗತಿಯಲ್ಲಿ ಕೂತಿದ್ದವರಲ್ಲಿ ಶೇಕಡಾ 25 ಅಂಶ ಜಾಸ್ತಿಯಾಯಿತು. ಸ್ವಲ್ಪ ಯೋಚನೆ ಮಾಡಿ. ಬುದ್ಧಿ ಅದೇ, ಮನೆ ಅದೇ, ಆಸೆ ಅದೇ. ಬದಲಾಗಿದ್ದು ಸುತ್ತ ಕೂತವರು ಮಾತ್ರ. ಹಾಗಿರುವಾಗ "ಈ ಹುಡುಗನಿಗೆ ಓದಿನಲ್ಲಿ ಆಸಕ್ತಿಯೇ ಇಲ್ಲ" ಅಂತ ನಾವು ಸ್ಟಾಫ್ ರೂಮಿನಲ್ಲಿ ಎಷ್ಟು ಸಲೀಸಾಗಿ ಹೇಳುತ್ತೇವೆ, ಅಲ್ವಾ?

ಅವರೇ ಇನ್ನೊಂದನ್ನೂ ನೋಡಿದರು. ಕಂಪ್ಯೂಟರಿನಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಡುವ ಒಂದು ಕೋರ್ಸಿನಲ್ಲಿ, ಯಾರು ಮುಂದಿದ್ದಾರೆ ಅಂತ ಹೆಸರು ಸಮೇತ ಪಟ್ಟಿ ಹಾಕಲು ಶುರು ಮಾಡಲಾಯಿತು. ಪೈಪೋಟಿ ಬರಲಿ ಅಂತ. ಪಟ್ಟಿ ಬಂದಮೇಲೆ ಮಕ್ಕಳ ಸಾಧನೆ ಶೇಕಡಾ 24ರಷ್ಟು ಕುಸಿಯಿತು. ಅದರಲ್ಲೂ ಮೊದಲು ಚೆನ್ನಾಗಿ ಮಾಡುತ್ತಿದ್ದವರೇ ಹಿಂದೆ ಸರಿದರು. ನಾನು ಹೊಡೆಸಿದ ಚಪ್ಪಾಳೆಯೂ ಅಂಥದ್ದೇ ಒಂದು ಪಟ್ಟಿ.

ಇಲ್ಲಿ ಒಂದು ಅಪಾಯ ಇದೆ. "ಅವರ ಸಮುದಾಯದಲ್ಲೇ ಓದಿಗೆ ಬೆಲೆ ಇಲ್ಲ, ಓದುವವರನ್ನು ಅವರೇ ಕಾಲೆಳೆಯುತ್ತಾರೆ" ಅಂತ ಇದನ್ನು ತಿರುಚುವುದು ಸುಲಭ. ಸಿಗ್ನಿಥಿಯಾ ಫೋರ್ಡಮ್ ಮತ್ತು ಜಾನ್ ಓಗ್ಬು ವಾಷಿಂಗ್ಟನ್ನಿನ ಒಂದು ಹೈಸ್ಕೂಲಿನ ಬಗ್ಗೆ ಮಾಡಿದ ಅಧ್ಯಯನ 1986ರಲ್ಲಿ ಪ್ರಕಟವಾಯಿತು. ಚೆನ್ನಾಗಿ ಓದುವ ಕಪ್ಪು ಮಕ್ಕಳಿಗೆ "ಬಿಳಿಯರ ಥರ ಆಡ್ತೀಯಾ" ಅನ್ನುವ ಚುಚ್ಚುಮಾತಿನ ಹೊರೆ ಇದೆ ಅಂತ ಬರೆದರು. ಆ ಮಾತು ಬಾಯಿಂದ ಬಾಯಿಗೆ ಹರಡಿ, ಇಡೀ ಸಮುದಾಯದ ಮೇಲಿನ ಆರೋಪವೇ ಆಗಿಬಿಟ್ಟಿತು. ಕ್ಯಾರೊಲಿನ್ ಟೈಸನ್ ಮತ್ತು ಜೊತೆಗಾರರು ನಾರ್ತ್ ಕ್ಯಾರೊಲಿನಾದ ಶಾಲೆಗಳಲ್ಲಿ ನೋಡಿ 2005ರಲ್ಲಿ ಬರೆದಾಗ ಚಿತ್ರ ಬೇರೆಯೇ ಇತ್ತು. ಕಪ್ಪು ಮಕ್ಕಳೂ ಮಿಕ್ಕವರಂತೆಯೇ ಚೆನ್ನಾಗಿ ಓದಬೇಕು ಅಂತ ಬಯಸುತ್ತಿದ್ದರು. ಚುಚ್ಚುಮಾತು ಎಲ್ಲ ಕಡೆ ಇರಲಿಲ್ಲ. ಮುಂದುವರಿದ ತರಗತಿಗಳಲ್ಲಿ ಹೆಚ್ಚುಕಡಿಮೆ ಬಿಳಿ ಮಕ್ಕಳೇ ತುಂಬಿಕೊಂಡಿದ್ದ ಕಡೆ ಅದು ಕೇಳಿಬರುತ್ತಿತ್ತು. ಅಂದರೆ ಶಾಲೆಯೇ ಮಕ್ಕಳನ್ನು ಬಣ್ಣ ನೋಡಿ ವಿಂಗಡಿಸಿದಂತೆ ಕಂಡರೆ, ಓದು ಅನ್ನುವುದು "ಅವರ" ವಸ್ತು ಅಂತ ಮಕ್ಕಳು ತಿಳಿಯುತ್ತಾರೆ. ನನಗೆ ಈ ಎರಡನೆಯ ವಿವರಣೆಯೇ ಸರಿ ಅನಿಸುತ್ತದೆ. ವಿಂಗಡಣೆ ಮಾಡಿದವರು ನಾವು, ದೊಡ್ಡವರು. ಮಕ್ಕಳು ಅದನ್ನು ಸರಿಯಾಗಿಯೇ ಓದಿಕೊಂಡಿದ್ದಾರೆ.

ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದಲ್ಲಿ ಆರು, ಏಳನೇ ತರಗತಿಯ 642 ಹುಡುಗರ ಜೊತೆ ಮಾಡಿದ ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. ಮಕ್ಕಳಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟು ಕೊಟ್ಟರು. ಯಾರ ಜಾತಿಯನ್ನೂ ಹೇಳದೆ ಇದ್ದಾಗ ಮೇಲ್ಜಾತಿ, ಕೆಳಜಾತಿ ಅನ್ನಿಸಿಕೊಂಡ ಮಕ್ಕಳ ನಡುವೆ ವ್ಯತ್ಯಾಸವೇ ಇರಲಿಲ್ಲ. ಎಲ್ಲರ ಮುಂದೆ ಹೆಸರಿನ ಜೊತೆ ಜಾತಿಯನ್ನೂ ಓದಿ ಹೇಳಿ, ಆಮೇಲೆ ಅದೇ ಥರದ ಒಗಟು ಕೊಟ್ಟಾಗ ಕೆಳಜಾತಿಯ ಮಕ್ಕಳು ಬಿಡಿಸಿದ ಒಗಟುಗಳ ಸಂಖ್ಯೆ ಇಳಿಯಿತು. ಕೈ ಅದೇ, ಪೆನ್ಸಿಲ್ ಅದೇ. ಪಕ್ಕದವನಿಗೆ ನಾನು ಯಾರು ಅಂತ ಈಗ ಗೊತ್ತಾಯಿತು ಅನ್ನುವ ಅರಿವು ಮಾತ್ರ ಹೊಸದು.

ಹಿಂಸೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮಗೆಲ್ಲ ಗೊತ್ತಿರುವುದೇ. ಹಲವು ದೇಶಗಳ ಹದಿನೈದರ ಮಕ್ಕಳ ಕಲಿಕೆಯನ್ನು ಅಳೆಯುವ ಪೀಸಾ ಎಂಬ ಸಮೀಕ್ಷೆಯ 2018ರ ಸುತ್ತಿನಲ್ಲಿ, ಮುಂದುವರಿದ ದೇಶಗಳಲ್ಲೇ ಶೇಕಡಾ 23ರಷ್ಟು ಮಕ್ಕಳು ತಿಂಗಳಿಗೆ ಕೆಲವು ಸಲವಾದರೂ ಸಹಪಾಠಿಗಳ ಕಾಟ ಅನುಭವಿಸುತ್ತೇವೆ ಅಂದರು. ಬಡ ಮನೆಗಳ ಮಕ್ಕಳಲ್ಲಿ ಈ ಪ್ರಮಾಣ ಜಾಸ್ತಿ. ಹೀಗೆ ಕಾಟ ಅನುಭವಿಸಿದವರ ಓದಿನ ಅಂಕವೂ ಕಮ್ಮಿ ಇತ್ತು. ಹೊಡೆತ, ಬೈಗುಳ ನಮ್ಮ ಕಣ್ಣಿಗೆ ಬೀಳುತ್ತವೆ. ಯಾರೂ ಇಲ್ಲದಿರುವುದು ಬೀಳುವುದಿಲ್ಲ. ಕ್ಯಾಥರಿನ್ ವೆಂಟ್ಜೆಲ್ ಮತ್ತು ಸಂಗಡಿಗರು ಆರನೇ ತರಗತಿಯ ಮಕ್ಕಳನ್ನು ಎರಡು ವರ್ಷ ಹಿಂಬಾಲಿಸಿ 2004ರಲ್ಲಿ ಬರೆದರು. ನಾನು ಗೆಳೆಯ ಅಂದವನು ನನ್ನನ್ನೂ ಗೆಳೆಯ ಅನ್ನದ ಮಕ್ಕಳು, ಅಂದರೆ ಎರಡೂ ಕಡೆಯಿಂದ ಒಪ್ಪಿದ ಒಂದು ಗೆಳೆತನವೂ ಇಲ್ಲದವರು, ಅಂಕದಲ್ಲೂ ಹಿಂದಿದ್ದರು, ಮನಸ್ಸಿನ ನೆಮ್ಮದಿಯಲ್ಲೂ ಹಿಂದಿದ್ದರು. ಯಾರ ತಂಟೆಗೂ ಹೋಗದೆ ಸುಮ್ನೆ ಕೂರುವ ಮಗುವನ್ನು "ಒಳ್ಳೆ ಮಗು" ಅಂತ ಬಿಟ್ಟುಬಿಡುವ ನಾವು ಆ ಮಗುವಿನ ಪಕ್ಕದ ಜಾಗ ಯಾವಾಗಲೂ ಖಾಲಿ ಇರುತ್ತದಾ ಅಂತ ಒಮ್ಮೆ ನೋಡಬೇಕು.

ಇನ್ನು ನನಗೆ ತುಂಬ ಇಷ್ಟವಾದ ಕತೆಗೆ ಬರುತ್ತೇನೆ. ಕತೆ ಅಂದೆ, ಆದರೆ ನಡೆದದ್ದು. 1970ರ ದಶಕ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಮೊದಲ ವರ್ಷದ ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಜಾಸ್ತಿ ನಪಾಸಾಗುತ್ತಿದ್ದರು. ಚೀನೀ ಮೂಲದವರು ಚೆನ್ನಾಗಿ ಮಾಡುತ್ತಿದ್ದರು. ಯೂರಿ ಟ್ರೈಸ್‌ಮನ್ ಆಗ ಅಲ್ಲಿದ್ದ ಯುವಕ. ಯಾಕೆ ಹೀಗೆ ಅಂತ ಅವರು ಮೊದಲು ಪ್ರಾಧ್ಯಾಪಕರನ್ನು ಕೇಳಿದರು. ಆಸಕ್ತಿ ಸಾಲದು, ಬುನಾದಿ ಗಟ್ಟಿ ಇಲ್ಲ, ಮನೆಯಲ್ಲಿ ಪ್ರೋತ್ಸಾಹ ಇಲ್ಲ, ಬಡತನ. ನಾವು ಹೇಳುವ ಕಾರಣಗಳೇ. ಒಂದೊಂದನ್ನೇ ಪರೀಕ್ಷಿಸಿದರೆ ಯಾವುದೂ ನಿಲ್ಲಲಿಲ್ಲ. ಕೊನೆಗೆ ಅವರು 20 ಕಪ್ಪು ಮತ್ತು 20 ಚೀನೀ ಮೂಲದ ವಿದ್ಯಾರ್ಥಿಗಳ ಬೆನ್ನು ಹತ್ತಿದರು. ಹೇಗೆ ಓದುತ್ತಾರೆ, ಎಲ್ಲಿ ಓದುತ್ತಾರೆ ಅಂತ 18 ತಿಂಗಳು ನೋಡಿದರು.

ಕಪ್ಪು ವಿದ್ಯಾರ್ಥಿಗಳು ಹೇಳಿದಷ್ಟು ಗಂಟೆ ಓದುತ್ತಿದ್ದರು. ಶಿಸ್ತಾಗಿ ಓದುತ್ತಿದ್ದರು. ಆದರೆ ಒಬ್ಬೊಬ್ಬರೇ. ಅವರಿಗೆ ಗೆಳೆಯರು ಬೇರೆ, ಓದು ಬೇರೆ. ಒಂದು ಲೆಕ್ಕ ಬಿಡಿಸಲಾಗದಿದ್ದರೆ, ತಾನು ಒಬ್ಬನೇ ದಡ್ಡ ಅಂದುಕೊಳ್ಳುತ್ತಿದ್ದರು. ಚೀನೀ ಮೂಲದವರು ಮೊದಲು ಒಬ್ಬರೇ ಓದಿ, ಸಂಜೆ ಒಟ್ಟಿಗೆ ಕೂರುತ್ತಿದ್ದರು. ಒಬ್ಬರ ಹೋಂವರ್ಕ್ ಇನ್ನೊಬ್ಬರು ತಿದ್ದುವುದು, ಹಳೆಯ ಪರೀಕ್ಷೆಗಳಿಂದ ಪ್ರಶ್ನೆ ಕೇಳುವುದು, ಇದು ಯಾರಿಗೂ ಬರಲಿಲ್ಲ ಅಂದರೆ ಲೆಕ್ಕವೇ ಕಷ್ಟದ್ದು ಅಂತ ತಿಳಿಯುವುದು. ಈ ಕೊನೆಯದನ್ನು ಗಮನಿಸಿ. ನಾಲ್ಕು ಜನ ಒಟ್ಟಿಗೆ ಒದ್ದಾಡಿದ ಲೆಕ್ಕ ಯಾರಿಗೂ ಅವಮಾನ ಅನಿಸುವುದಿಲ್ಲ.

ಟ್ರೈಸ್‌ಮನ್ ಮಾಡಿದ್ದು ಹಿಂದುಳಿದವರಿಗೆ ಸುಲಭ ಪಾಠ ಅಲ್ಲ. ಕಷ್ಟದ ಲೆಕ್ಕಗಳನ್ನೇ ಕೊಟ್ಟು, ಗುಂಪಿನಲ್ಲಿ ಬಿಡಿಸುವ ಕಾರ್ಯಾಗಾರ ಶುರು ಮಾಡಿದರು. ನೀವು ಓದಿನಲ್ಲಿ ಗಟ್ಟಿಗರು ಅಂತಲೇ ನಿಮ್ಮನ್ನು ಇಲ್ಲಿಗೆ ಕರೆಸಿದ್ದೇವೆ ಅಂದರು. ಅದರಲ್ಲಿ ಸೇರಿದ ಕಪ್ಪು ವಿದ್ಯಾರ್ಥಿಗಳು ನಪಾಸಾಗುವುದು ಅಪರೂಪವಾಯಿತು. ಮಿಕ್ಕವರಿಗೆ ಸಮನಾಗಿ, ಕೆಲವೊಮ್ಮೆ ಮೇಲಾಗಿ ಮಾಡಿದರು. ಗೆಳೆತನ ಮತ್ತು ಓದು ಬೇರೆ ಬೇರೆ ಕೋಣೆಗಳಲ್ಲಿದ್ದವು. ಅವರು ನಡುವಿನ ಗೋಡೆ ತೆಗೆದರು.

ಹಾಗಾದರೆ ಜಾಣರನ್ನೂ ಹಿಂದುಳಿದವರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದರೆ ಆಯಿತಲ್ಲ ಅಂತ ನೀವು ಕೇಳಬಹುದು. ಅಷ್ಟು ಸರಳ ಅಲ್ಲ. ಅಮೆರಿಕದ ವಾಯುಪಡೆಯ ಅಕಾಡೆಮಿಯಲ್ಲಿ ಸ್ಕಾಟ್ ಕ್ಯಾರೆಲ್ ಮತ್ತು ಇನ್ನಿಬ್ಬರು ಹೀಗೇ ಲೆಕ್ಕ ಹಾಕಿ, ಅಂಕ ಕಮ್ಮಿ ಇದ್ದವರನ್ನು ಜಾಸ್ತಿ ಇದ್ದವರ ಜೊತೆ ಸೇರಿಸಿ ತಂಡ ಮಾಡಿಸಿದರು. ಫಲಿತಾಂಶ 2013ರಲ್ಲಿ ಬಂತು. ಯಾರಿಗೆ ಒಳ್ಳೆಯದಾಗಲಿ ಅಂತ ಮಾಡಿದ್ದರೋ ಅವರ ಅಂಕವೇ ಇಳಿದಿತ್ತು. ತಂಡದೊಳಗೆ ಜಾಣರು ಜಾಣರ ಜೊತೆ, ಮಿಕ್ಕವರು ಮಿಕ್ಕವರ ಜೊತೆ ಪ್ರತ್ಯೇಕವಾಗಿ ಗುಂಪುಗೂಡಿದ್ದರು. ಒಂದೇ ಕೋಣೆಯಲ್ಲಿ ಕೂರಿಸಿದ ಮಾತ್ರಕ್ಕೆ ಗೆಳೆತನ ಹುಟ್ಟುವುದಿಲ್ಲ. ಒಬ್ಬರಿಂದ ಒಬ್ಬರಿಗೆ ನಿಜವಾಗಿ ಕೆಲಸ ಆಗಬೇಕು.

ಎಲಿಯಟ್ ಆರನ್ಸನ್ 1971ರಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಮಾಡಿದ್ದು ಅದನ್ನೇ. ಅಲ್ಲಿ ಬಿಳಿ, ಕಪ್ಪು, ಮೆಕ್ಸಿಕನ್ ಮೂಲದ ಮಕ್ಕಳನ್ನು ಆಗಷ್ಟೇ ಒಂದೇ ಶಾಲೆಗೆ ಸೇರಿಸಿದ್ದರು. ಜಗಳ ತಾರಕಕ್ಕೇರಿತ್ತು. ಆರನ್ಸನ್ ಪಾಠವನ್ನು ಐದಾರು ತುಂಡು ಮಾಡಿ, ಗುಂಪಿನ ಒಂದೊಂದು ಮಗುವಿಗೆ ಒಂದೊಂದು ತುಂಡು ಕೊಟ್ಟರು. ನಿನ್ನ ತುಂಡು ನಿನಗೆ ಮಾತ್ರ ಗೊತ್ತು. ಪರೀಕ್ಷೆ ಇಡೀ ಪಾಠದ ಮೇಲೆ. ತಡವರಿಸುತ್ತಾ ಮಾತಾಡುವ ಹುಡುಗನನ್ನು ಅಣಕಿಸಿದರೆ ಅವನ ತುಂಡು ನಿನಗೆ ಸಿಗುವುದಿಲ್ಲ. ಕೆಲವು ದಿನ ಹಳೆಯ ಚಾಳಿ ನಡೆಯಿತು. ಆಮೇಲೆ ಮಕ್ಕಳು ಅಣಕಿಸುವುದು ಬಿಟ್ಟು, ಅವನಿಂದ ವಿಷಯ ಹೊರಡಿಸುವ ಪ್ರಶ್ನೆ ಕೇಳುವುದು ಕಲಿತರು. ನಾನೇ ಈ ವಿಧಾನ ಮಾಡಿ ನೋಡಿದ್ದೇನೆ. ಮೊದಲ ವಾರ ಗಲಾಟೆ, ಪಾಠ ಹಿಂದೆ ಬೀಳುತ್ತದೆ. ಆ ಒಂದು ವಾರವನ್ನು ತಡೆದುಕೊಳ್ಳಬೇಕು.

ಪೋಷಕರಿಗೆ ಒಂದು ಮಾತು. "ಆ ಹುಡುಗರ ಜೊತೆ ಸೇರಬೇಡ" ಅಂದರೆ ಮಗು ಸೇರುವುದನ್ನು ಬಿಡುವುದಿಲ್ಲ, ನಿಮಗೆ ಹೇಳುವುದನ್ನು ಬಿಡುತ್ತದೆ. ಬದಲಿಗೆ ಆ ಹುಡುಗರನ್ನೇ ಒಂದು ಸಂಜೆ ಮನೆಗೆ ಕರೆಯಿರಿ. ಒಟ್ಟಿಗೆ ಹೋಂವರ್ಕ್ ಮಾಡಲಿ. ಶಿಕ್ಷಕರೇ, ಉತ್ತರ ಪತ್ರಿಕೆ ಮಡಿಚಿ ಕೊಡಿ. ಅಂಕವನ್ನು ಗಟ್ಟಿಯಾಗಿ ಓದಬೇಡಿ. ಹೊಗಳಬೇಕು ಅನಿಸಿದರೆ ಖಂಡಿತ ಹೊಗಳಿ, ಒಂದು ಸಾಲು ಬರೆದು ಕೊಡಿ. ಒಬ್ಬರು ಯಾವಾಗಲೂ ಹೇಳಿಕೊಡುವವರು, ಇನ್ನೊಬ್ಬರು ಯಾವಾಗಲೂ ಹೇಳಿಸಿಕೊಳ್ಳುವವರು ಅಂತ ಆಗದಂತೆ ನೋಡಿಕೊಳ್ಳಿ. ಹೇಳಿಕೊಟ್ಟಾಗ ಹೇಳಿಕೊಟ್ಟವರಿಗೂ ಪಾಠ ಗಟ್ಟಿಯಾಗುತ್ತದೆ. ಆ ಅವಕಾಶ ಕೊನೇ ಬೆಂಚಿಗೂ ಬರಲಿ.

ಮಾತು ಮುಗಿದಮೇಲೆ ಒಬ್ಬರು ತಾಯಿ ಎದ್ದು ನಿಂತು ಕೇಳಿದರು: "ಮೇಡಂ, ಆ ಹುಡುಗ ಏನಾದ?"

ಹೇಳುತ್ತೇನೆ. ನಾನು ಅವನನ್ನು ಮುಂದಿನ ಬೆಂಚಿಗೆ ಕರೆಯಲಿಲ್ಲ. ನಾನೇ ಹಿಂದೆ ಹೋದೆ. ವಾರಕ್ಕೆ ಎರಡು ದಿನ ಆ ಐವರಿಗೆ ಒಟ್ಟಿಗೆ ಒಂದು ಕಷ್ಟದ ಲೆಕ್ಕ ಕೊಡುತ್ತಿದ್ದೆ. ಉತ್ತರ ಒಬ್ಬರದ್ದಲ್ಲ, ಬೆಂಚಿನದ್ದು. ಹಂತಗಳನ್ನು ಯಾರು ಬೇಕಾದರೂ ವಿವರಿಸಬೇಕು, ಯಾರನ್ನು ಕೇಳುತ್ತೇನೆ ಅಂತ ಮೊದಲೇ ಹೇಳುತ್ತಿರಲಿಲ್ಲ. ನಿಧಾನಕ್ಕೆ ಆ ಬೆಂಚಿನಲ್ಲಿ ಲೆಕ್ಕದ ಮೇಲೆ ಜಗಳ ಶುರುವಾಯಿತು. ನನಗೆ ಅದಕ್ಕಿಂತ ಚೆಂದದ ಸದ್ದು ಇರಲಿಲ್ಲ. ವರ್ಷದ ಮಧ್ಯೆ ಅವರಲ್ಲಿ ಒಬ್ಬ ಶಾಲೆ ಬಿಟ್ಟು ಕೆಲಸಕ್ಕೆ ಸೇರಿದ. ನಾನು ಮನೆಗೆ ಹೋಗಿ ಕೇಳಿಕೊಂಡರೂ ಬರಲಿಲ್ಲ. ಒಂದು ತಿಂಗಳು ಬೆಂಚು ಮಂಕಾಯಿತು, ಇನ್ನಿಬ್ಬರು ಆಗಾಗ ಗೈರಾಗಲು ಶುರು ಮಾಡಿದರು, ನಮ್ಮ ಹುಡುಗನ ಅಂಕವೂ ಬಿತ್ತು. ಅದನ್ನು ಮತ್ತೆ ಎತ್ತಲು ಬಹಳ ಕಷ್ಟವಾಯಿತು.

ವಾರ್ಷಿಕ ಪರೀಕ್ಷೆಯಲ್ಲಿ ಅವನು ಒಂದು ಲೆಕ್ಕವನ್ನೂ ಖಾಲಿ ಬಿಟ್ಟಿರಲಿಲ್ಲ. ಪತ್ರಿಕೆ ಮಡಿಚಿ ಕೈಗೆ ಕೊಟ್ಟೆ. ಬಿಚ್ಚಲಿಲ್ಲ. "ಮೇಡಂ, ನಮ್ಮ ಬೆಂಚಿನವ್ರು ಎಲ್ರೂ ಪಾಸಾ?" ಅಂತ ಕೇಳಿದ. ಒಬ್ಬನಿಗೆ ಎರಡು ಅಂಕ ಸಾಲಲಿಲ್ಲ ಅಂದೆ. ತನ್ನ ಪತ್ರಿಕೆಯನ್ನು ಹಾಗೇ ಜೇಬಿಗೆ ಹಾಕಿಕೊಂಡು, ಆ ಗೆಳೆಯನನ್ನು ಹುಡುಕಿಕೊಂಡು ಹೊರಗೆ ಓಡಿದ.